ಸರಾಸರಿ ಮಗುವನ್ನು ಯಾರೂ ನೋಡಿಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ವಿಷಯದಲ್ಲಿ ನನಗೂ ಸಿಸ್ಟರ್‌ಗೂ ಇನ್ನೂ ರಾಜಿಯಾಗಿಲ್ಲ. ನಾನು ಬರೆದ ಮೊದಲ ಸಾಲು ಹೀಗಿತ್ತು: ‘ಕಂಪ್ಯೂಟರ್ ಪರದೆಯ ನೀಲಿ ಬೆಳಕಿನಲ್ಲಿ ಆಕೆಯ ಕಣ್ಣಂಚಿನಲ್ಲೊಂದು ಹನಿ ಹೊಳೆಯಿತು.’ ಸಿಸ್ಟರ್ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

“ಇದ್ಯಾರು ಅಳ್ತಿರೋದು?”

“ನೀವೇ, ಸಿಸ್ಟರ್.”

“ನಾನು ಅತ್ತಿಲ್ಲ. ಆ ಪರದೆಗೆ ಬೈದೆ. ಬೈದಿದ್ದನ್ನ ಬರೀರಿ.”

ಬೈದದ್ದನ್ನು ಬರೆಯುವ ಹಾಗಿಲ್ಲ. ಹೆರಿಗೆ ವಾರ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವರ ಬೈಗುಳದ ಖಜಾನೆ ದೊಡ್ಡದು, ಪ್ರಕಾಶಕರ ಎದೆ ಚಿಕ್ಕದು. ಹಾಗಾಗಿ ಮೊದಲ ಸಾಲನ್ನು ಹೊಡೆದುಹಾಕಿದ್ದೇನೆ. ಓದುಗರು ಅದನ್ನು ಓದಿಯೇ ಇಲ್ಲ ಎಂದು ತಿಳಿದು ಮುಂದೆ ಬರಬೇಕು.

೨

ಸಿಸ್ಟರ್ ಎಂದರೆ ಎಲ್ಲರಿಗೂ ಸಿಸ್ಟರೇ. ಡಾಕ್ಟರುಗಳಿಗೆ, ಬಾಣಂತಿಯರಿಗೆ, ಬಾಣಂತಿಯರ ಅಮ್ಮಂದಿರಿಗೆ, ಬೆಳಿಗ್ಗೆ ಹಾಲು ಹಾಕುವವನಿಗೆ, ಒಮ್ಮೊಮ್ಮೆ ನಿದ್ದೆಗಣ್ಣಿನಲ್ಲಿ ಮರೆತು ಸ್ವಂತ ಗಂಡನಿಗೂ. (ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯ ಮನುಷ್ಯ. ಕಥೆಯಲ್ಲಿ ಅವರಿಗೆ ಹೆಚ್ಚು ಕೆಲಸವಿಲ್ಲ, ಅದಕ್ಕೆ ಅವರದೇನೂ ತಕರಾರಿಲ್ಲ.)

ಅವರು ಓದಿದ್ದು ನರ್ಸಿಂಗ್ ಡಿಪ್ಲೊಮಾ. ಆ ಕಾಲಕ್ಕೆ ಅದೇ ದೊಡ್ಡದು. ಆಮೇಲೆ ಕಾಲ ಮುಂದೆ ಹೋಯಿತು, ಡಿಪ್ಲೊಮಾ ಇದ್ದಲ್ಲೇ ಉಳಿಯಿತು. ಅವರ ಕೈಕೆಳಗೆ ನಡುಗುತ್ತಾ ಸೂಜಿ ಹಿಡಿಯಲು ಕಲಿತ ಹುಡುಗಿಯರು ಡಿಗ್ರಿ ಮುಗಿಸಿ ಬೇರೆ ಬೇರೆ ಕಾಲೇಜುಗಳಲ್ಲಿ ಮೇಡಂ ಆದರು. ಈಗ ಆಸ್ಪತ್ರೆಯ ಹಿಂದೆಯೇ ಒಂದು ನರ್ಸಿಂಗ್ ಶಾಲೆ ಶುರುವಾಗಿದೆ. ಅಲ್ಲಿ ಪಾಠ ಹೇಳುವವರು ಬೇಕಾಗಿದ್ದಾರೆ. ಪಾಠ ಹೇಳುವುದೆಂದರೆ ಸಿಸ್ಟರ್‌ಗೆ ಉಸಿರಾಡಿದಷ್ಟು ಸಲೀಸು. ಆದರೆ ಅರ್ಜಿ ಹಾಕಲು ಡಿಗ್ರಿ ಬೇಕು. ಆದ್ದರಿಂದ, ತಲೆಗೂದಲು ಅರ್ಧ ನೆರೆತ ಮೇಲೆ, ಸಿಸ್ಟರ್ ಆನ್‌ಲೈನ್ ಡಿಗ್ರಿಗೆ ಸೇರಿಕೊಂಡರು.

ಇದು ಎಲ್ಲರಿಗೂ ಹೇಳಿದ ಕಾರಣ. ಯಾರಿಗೂ ಹೇಳದ ಕಾರಣ ಇನ್ನೊಂದಿತ್ತು. ಅದು ಅದೇ ಮನೆಯ ಮಹಡಿಯ ಮೇಲೆ ವಾಸವಾಗಿತ್ತು.

೩

ಮಹಡಿಯ ಮೇಲೆ ಇರುವವಳು ಓರಗಿತ್ತಿ, ಎಂದರೆ ಸಿಸ್ಟರ್ ಮೈದುನನ ಹೆಂಡತಿ. ಎರಡು ಡಿಗ್ರಿ, ಎರಡೂ ಸಂಖ್ಯಾಶಾಸ್ತ್ರದಲ್ಲಿ. ಕೆಲಸ ವಿಮಾ ಕಂಪನಿಯಲ್ಲಿ: ಯಾವ ವಯಸ್ಸಿನವರು, ಯಾವ ಕಸುಬಿನವರು, ಸರಾಸರಿ ಯಾವಾಗ ಸಾಯುತ್ತಾರೆ ಎಂದು ಲೆಕ್ಕ ಹಾಕುವುದು. ಹೀಗೆ ಕೆಳಗಿನ ಮನೆಯವರು ಬರುವವರನ್ನು ನೋಡಿಕೊಂಡರೆ ಮೇಲಿನ ಮನೆಯವಳು ಹೋಗುವವರನ್ನು ನೋಡಿಕೊಳ್ಳುತ್ತಿದ್ದಳು. ನಡುವೆ ಒಂದು ಮೆಟ್ಟಿಲ ಸಾಲು, ಮತ್ತು ಎಣ್ಣೆ-ಸೀಗೆಕಾಯಿ ಸಂಬಂಧ.

ಜಗಳವೇನೂ ಆಗಿರಲಿಲ್ಲ. (ನಾನು ಒಂದು ಆಸ್ತಿ ಜಗಳ ಇಡೋಣ ಎಂದಿದ್ದೆ. ಇಬ್ಬರೂ ಒಟ್ಟಿಗೇ ಬೇಡವೆಂದರು. ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲ ಸಲವಂತೆ.) ಆದದ್ದು ಇಷ್ಟೇ. ಒಂದು ದಿನ ಮನೆತುಂಬ ನೆಂಟರಿದ್ದಾಗ ಯಾರೋ ಹಿರಿಯರು ಸಿಸ್ಟರನ್ನು ತೋರಿಸಿ, “ಇವರೇನು ಓದಿದ್ದಾರೆ?” ಎಂದು ಕೇಳಿದರು. ಓರಗಿತ್ತಿ ತಟ್ಟೆ ಹಿಡಿದುಕೊಂಡೇ ಹೇಳಿದಳು: “ಅಕ್ಕನಾ? ಡಿಗ್ರಿ ಏನಿಲ್ಲ. ಡಿಪ್ಲೊಮಾ ಅಷ್ಟೇ.”

‘ಅಷ್ಟೇ’ ಎಂಬುದು ಪುಟ್ಟ ಪದ. ಆದರೆ ಸಿಸ್ಟರ್ ಅದನ್ನು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ನುಂಗಲಿಲ್ಲ, ಉಗಿಯಲೂ ಇಲ್ಲ. ಕೊನೆಗೆ ಡಿಗ್ರಿಗೆ ಸೇರಿದರು.

ಮಿಕ್ಕ ವಿಷಯಗಳೆಲ್ಲ ಸಲೀಸಾಗಿ ಹೋದವು. ಸಂಖ್ಯಾಶಾಸ್ತ್ರದಲ್ಲಿ ಮಾತ್ರ ‘ಅನುತ್ತೀರ್ಣ’ ಎಂದು ಬಂತು.

೪

ಇಲ್ಲಿ ನಾನು ಆನ್‌ಲೈನ್ ಪಾಠ ಹೇಗಿರುತ್ತದೆ ಎಂದು ಹೇಳಬೇಕು.

ಪರದೆಯ ತುಂಬ ಅಂಕಿಗಳು. ಮೂಲೆಯಲ್ಲೊಂದು ಬಿಲ್ಲೆಯಷ್ಟು ಗಾತ್ರದ ವೃತ್ತ, ಅದರೊಳಗೆ ಪ್ರೊಫೆಸರ ಮುಖ. ಅದು ಯಾವತ್ತೋ ರೆಕಾರ್ಡ್ ಆದ ಮುಖ. ಪ್ರತಿ ಹೆಜ್ಜೆಗೂ ಅವರು “ಇದು ಸ್ಪಷ್ಟವಾಗೇ ಇದೆ” ಎನ್ನುತ್ತಿದ್ದರು.

“ಯಾರಿಗೆ?” ಎಂದು ಸಿಸ್ಟರ್ ಕೇಳುತ್ತಿದ್ದರು. ಬಿಲ್ಲೆ ಕೇಳಿಸಿಕೊಳ್ಳದೆ ಮುಂದೆ ಹೋಗುತ್ತಿತ್ತು.

ಅನುಮಾನಗಳನ್ನು ಬರೆಯಲು ಒಂದು ಪೆಟ್ಟಿಗೆ ಇತ್ತು. ಸಿಸ್ಟರ್ ಅದರಲ್ಲಿ ತಪ್ಪಿಲ್ಲದ ಭಾಷೆಯಲ್ಲಿ, ಸೇವಾಹಿರಿತನಕ್ಕೆ ತಕ್ಕ ಗಾಂಭೀರ್ಯದಲ್ಲಿ ಬರೆದರು: ‘ಮಾನ್ಯರೇ, ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೇನು ಎಂಬುದು ನನಗೆ ತಿಳಿಯುತ್ತಿಲ್ಲ.’ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ‘ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ. ದಯವಿಟ್ಟು ವಿಡಿಯೊವನ್ನು ಮತ್ತೊಮ್ಮೆ ನೋಡಿ.’ ಅಷ್ಟು ಬೇಗ ಉತ್ತರಿಸಿದವರು ಪ್ರಶ್ನೆ ಓದಿರಲಾರರು ಎಂಬುದನ್ನು ಕಂಡುಕೊಳ್ಳಲು ಡಿಗ್ರಿ ಬೇಕಿರಲಿಲ್ಲ. ವಿದ್ಯಾರ್ಥಿಗಳೆಲ್ಲ ಮಾತಾಡಿಕೊಳ್ಳುವ ಜಾಗವೊಂದಿತ್ತು. ಅಲ್ಲಿ ಹೋಗಿ ನೋಡಿದರೆ ಎಲ್ಲರೂ ಅದನ್ನೇ ಕೇಳಿದ್ದರು. ಉತ್ತರದ ಜಾಗದಲ್ಲಿ ಸಾಲಾಗಿ ಅಳುವ ಗೊಂಬೆಮುಖಗಳು.

ಪುಸ್ತಕದಲ್ಲಿ ನೋಡಿದರು. ಅದಕ್ಕೆ ‘ಮಾನಕ ವಿಚಲನೆ’ ಎಂದಿತ್ತು. ಕಬ್ಬಿಣದ ಕಡಲೆಗೆ ಉಪ್ಪು ಖಾರ ಹಚ್ಚಿ ಕೊಟ್ಟ ಹಾಗಾಯಿತು.

“ಬಿಟ್ಟುಬಿಡು, ಯಾಕೆ ಇಷ್ಟು ಒದ್ದಾಡ್ತೀಯ?” ಎಂದರು ಗಂಡ. ಪ್ರೀತಿಯಿಂದಲೇ ಅಂದದ್ದು. “ಡಿಗ್ರಿ ಇಲ್ದೇನೇ ನಿನಗೇನು ಕಮ್ಮಿಯಾಗಿದೆ?”

ಸಿಸ್ಟರ್‌ಗೆ ಪ್ರೊಫೆಸರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಗ. ಇನ್ನೊಂದು ಸಲ ಫೇಲಾದರೆ ಕೋರ್ಸಿನಿಂದಲೇ ಹೆಸರು ತೆಗೆಯುತ್ತಾರೆಂಬುದು ಗಂಡನಿಗೂ ಗೊತ್ತಿತ್ತು.

೫

ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಒಳ್ಳೆಯ ಪ್ಲಾಟ್ ಇತ್ತು. ಅದು ಹಾಳಾದದ್ದು ಹೇಗೆಂದು ಹೇಳುತ್ತೇನೆ.

ವಾರ್ಡಿನ ಹೊಸ ನರ್ಸೊಬ್ಬಳು ಸಿಸ್ಟರ್ ಕಿವಿಯಲ್ಲಿ ಒಂದು ಫೋನ್ ನಂಬರಿನ ಸುದ್ದಿ ಹಾಕಿದಳು. “ಎಲ್ರೂ ಮಾಡಿಸ್ತಾರೆ ಸಿಸ್ಟರ್. ನಿಮ್ಮ ಬದಲಿಗೆ ಅವರೇ ಕ್ಲಾಸಲ್ಲಿ ಕೂರ್ತಾರೆ, ಅವರೇ ಪರೀಕ್ಷೆ ಬರೀತಾರೆ. ಗ್ಯಾರಂಟಿ.”

ಸಿಸ್ಟರ್ ಮಧ್ಯಾಹ್ನದ ಬಿಡುವಿನಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ ನಿಂತು, ಆ ನಂಬರಿಗೆ ಫೋನ್ ಮಾಡಿದರು. ಮಾಡಿದ್ದು ನಿಜ. ಇದನ್ನು ಬರೆಯಬೇಡಿ ಎಂದು ಅವರು ನನಗೆ ಹೇಳಲಿಲ್ಲ, ಅದೂ ಅವರ ಗತ್ತಿನ ಒಂದು ಭಾಗ.

ಆಚೆಯಿಂದ ಬಂದದ್ದು ಬೆಣ್ಣೆಯಂಥ ದನಿ. “ನಮಸ್ಕಾರ ಮೇಡಂ. ಯಾವ ಸಬ್ಜೆಕ್ಟು?”

“ಸಂಖ್ಯಾಶಾಸ್ತ್ರ.”

“ಎಲ್ರೂ ಅದಕ್ಕೇ ಬರೋದು ಮೇಡಂ. ನೀವು ಪಾಸ್‌ವರ್ಡ್ ಕೊಡಿ ಸಾಕು. ಆಮೇಲೆ ನೀವು ಏನೂ ಮಾಡಬೇಕಾಗಿಲ್ಲ.”

“ನನಗೆ ಅರ್ಥ ಮಾಡಿಸ್ತೀರಾ?”

ದನಿ ಒಂದು ಕ್ಷಣ ತಡವರಿಸಿತು. “ಅದು ನಮ್ಮ ಸರ್ವಿಸಲ್ಲಿ ಇಲ್ಲ ಮೇಡಂ.”

ನನ್ನ ಪ್ಲಾಟಿನ ಪ್ರಕಾರ ಸಿಸ್ಟರ್ ಇಲ್ಲಿ ಪಾಸ್‌ವರ್ಡ್ ಕೊಡಬೇಕಿತ್ತು. ಆಮೇಲೆ ಪಶ್ಚಾತ್ತಾಪ, ಬ್ಲ್ಯಾಕ್‌ಮೇಲ್, ಮಗ್ಗುಲು ಬದಲಿಸುವ ರಾತ್ರಿಗಳು, ಕೊನೆಗೊಂದು ಸತ್ಯದರ್ಶನ. ಎಲ್ಲ ಸಿದ್ಧವಿತ್ತು. ಸಿಸ್ಟರ್ ಫೋನ್ ಇಟ್ಟುಬಿಟ್ಟರು.

“ಕೊಡಿ ಸಿಸ್ಟರ್,” ಎಂದೆ. “ಕಥೆಗೆ ಬೇಕು.”

“ಏನ್ರೀ ಕಥೆಗಾರರೇ, ನಾನು ಹೆರಿಗೆ ಮಾಡಿಸೋಳು. ಎಷ್ಟು ಜನ ನನ್ನ ಕೈ ಹಿಡ್ಕೊಂಡು ‘ನನ್ನ ಕೈಲಾಗಲ್ಲ ಸಿಸ್ಟರ್, ನೀವೇ ಏನಾದ್ರೂ ಮಾಡಿ’ ಅಂತ ಬೇಡ್ಕೊಂಡಿದಾರೆ ಗೊತ್ತಾ? ಕೈ ಹಿಡ್ಕೋಬಹುದು. ಬೆನ್ನು ಉಜ್ಜಬಹುದು. ಬೈಬಹುದು. ಅವರ ಬದಲಿಗೆ ಹೆರೋಕಾಗತ್ತಾ?”

ನಾನು ಗಂಡಸು ಬರಹಗಾರ, ಸಾಲದ್ದಕ್ಕೆ ಆಧುನಿಕೋತ್ತರ. ಪ್ಲಾಟನ್ನು ಮಡಚಿ ಒಳಗಿಟ್ಟೆ.

“ಮತ್ತೆ ಈಗ ಏನ್ಮಾಡ್ತೀರಿ?” ಎಂದು ಕೇಳಿದೆ.

ಸಿಸ್ಟರ್ ಮೇಲಕ್ಕೆ ನೋಡಿದರು. ದೇವರನ್ನಲ್ಲ, ಮಹಡಿಯನ್ನು.

೬

ಮೆಟ್ಟಿಲು ಹತ್ತುವ ದೃಶ್ಯವನ್ನು ಹಲವು ಸಲ ಬರೆದೆ. ಒಂದು ಕರಡಿನಲ್ಲಿ ಅವರು ಅರ್ಧ ಮೆಟ್ಟಿಲಿನಲ್ಲಿ ನಿಂತು ಹಳೆಯದನ್ನೆಲ್ಲ ನೆನೆಯುತ್ತಾರೆ. (ಮಂಡಿನೋವಿದ್ದವರು ಅರ್ಧ ಮೆಟ್ಟಿಲಿನಲ್ಲಿ ನಿಲ್ಲುವುದಿಲ್ಲ, ಒಮ್ಮೆಗೇ ಹತ್ತಿ ಮುಗಿಸುತ್ತಾರೆ. ತಿದ್ದಿದೆ.) ಇನ್ನೊಂದರಲ್ಲಿ ಓರಗಿತ್ತಿ ಬಾಗಿಲು ತೆರೆದು ಅಕ್ಕನನ್ನು ಅಪ್ಪಿಕೊಳ್ಳುತ್ತಾಳೆ. ಅದನ್ನು ಓರಗಿತ್ತಿಯೇ ಹರಿದು ಹಾಕಿದಳು.

ನಡೆದದ್ದು ಹೀಗೆ.

ಭಾನುವಾರ ಬೆಳಿಗ್ಗೆ ಓರಗಿತ್ತಿ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಸಿಸ್ಟರ್ ಒಳಗೆ ಬಂದು ಸೋಫಾದ ತುದಿಯಲ್ಲಿ ಕುಳಿತು ಕೇಳಿದರು: “ನಿಮ್ಮಲ್ಲಿ ಇಂಟರ್ನೆಟ್ ಬರ್ತಿದೆಯಾ?”

“ಬರ್ತಿದೆ. ಕೆಳಗೆ ಇಲ್ವಾ ಅಕ್ಕ?”

“ಕೆಳಗೂ ಬರ್ತಿದೆ.”

ಓರಗಿತ್ತಿ ಕೈಯಲ್ಲಿದ್ದ ಅಂಗಿಯನ್ನು ಒದರಿ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಒಳಗೆ ಬಂದಳು. ಎರಡು ಕಡೆಯೂ ಇಂಟರ್ನೆಟ್ ಬರುತ್ತಿರುವಾಗ ಮಂಡಿ ಹಿಡಿದುಕೊಂಡು ಯಾರೂ ಮಹಡಿ ಹತ್ತುವುದಿಲ್ಲ ಎಂಬಷ್ಟು ಲೆಕ್ಕ ಅವಳಿಗೆ ಬರುತ್ತಿತ್ತು. ಎದುರಿನ ಕುರ್ಚಿಯಲ್ಲಿ ಕುಳಿತಳು.

ಸಿಸ್ಟರ್ ಗೋಡೆ ನೋಡಿದರು, ಗಡಿಯಾರ ನೋಡಿದರು, ಕಾಲಬೆರಳು ನೋಡಿದರು. ಜೀವಮಾನದಲ್ಲಿ ಯಾರ ಮುಂದೆಯೂ ಆಡದ ಒಂದು ವಾಕ್ಯವನ್ನು ಹೊರಗೆ ತರಬೇಕಿತ್ತು. ಅದು ಅಡ್ಡ ತಿರುಗಿ ಕೂತಿತ್ತು.

“ಸಂಖ್ಯಾಶಾಸ್ತ್ರ,” ಎಂದರು. “ನನಗೆ ಅರ್ಥ ಆಗ್ತಿಲ್ಲ.”

“ಎಲ್ಲಿಂದ ಅರ್ಥ ಆಗ್ತಿಲ್ಲ?”

“ಮೊದಲಿಂದ.”

ಓರಗಿತ್ತಿ ನಗಲಿಲ್ಲ. ನಕ್ಕಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಪಟ್ಟನೆ ಕರಗಿಯೂ ಬಿಡಲಿಲ್ಲ, ಕರಗಿದ್ದರೂ ಮುಗಿಯುತ್ತಿತ್ತು. ಅವಳು ಹೇಳಿದಳು: “ಹೇಳಿಕೊಡ್ತೀನಿ. ಆದ್ರೆ ನಾನು ಪಾಠ ಹೇಳೋವಾಗ ಬೈತೀನಿ. ನನಗದು ತಡೆಯೋಕಾಗಲ್ಲ.”

“ಬೈಸ್ಕೊಳ್ಳೋದು ನನಗೂ ಬರಲ್ಲ,” ಎಂದರು ಸಿಸ್ಟರ್.

“ಸರಿ. ಲ್ಯಾಪ್‌ಟಾಪ್ ತಗೊಂಡು ಬನ್ನಿ.”

೭

ಪಾಠ ಮಹಡಿಯ ಊಟದ ಮೇಜಿನ ಮೇಲೆ ನಡೆಯುತ್ತಿತ್ತು, ಸಿಸ್ಟರ್‌ಗೆ ಬೆಳಗಿನ ಪಾಳಿ ಇದ್ದ ದಿನಗಳಲ್ಲಿ ಸಂಜೆ, ಇಲ್ಲದಿದ್ದರೆ ಓರಗಿತ್ತಿ ಆಫೀಸಿಗೆ ಹೊರಡುವ ಮೊದಲು. ಗಂಡಂದಿರಿಬ್ಬರೂ ಕೆಳಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ, ಮೇಲಿನಿಂದ ಬರುವ ದನಿಗಳನ್ನು ಆಲಿಸುತ್ತಾ, ಈಗ ಯಾರು ಯಾರಿಗೆ ಬೈಯುತ್ತಿದ್ದಾರೆ ಎಂದು ಊಹಿಸುತ್ತಿದ್ದರು.

ಸರಾಸರಿಯವರೆಗೆ ಹೇಗೋ ಬಂದರು. ಓರಗಿತ್ತಿ ಒಂದು ಉದಾಹರಣೆ ತೆಗೆದಳು. “ಒಂದು ವಾರದಲ್ಲಿ ಹುಟ್ಟಿದ ಮಕ್ಕಳ ತೂಕ ಅಂದ್ಕೊಳ್ಳಿ. ಎಲ್ಲಾ ಕೂಡಿಸಿ ಭಾಗಿಸಿದ್ರೆ ಸರಾಸರಿ ಮಗುವಿನ ತೂಕ ಸಿಗತ್ತೆ.”

“ಸರಾಸರಿ ಮಗು ಅಂತ ನಾನು ಇಲ್ಲೀವರೆಗೂ ಒಂದನ್ನೂ ನೋಡಿಲ್ಲ,” ಎಂದರು ಸಿಸ್ಟರ್.

“ಅಕ್ಕ, ಅದು ಲೆಕ್ಕಕ್ಕೆ.”

“ಲೆಕ್ಕಕ್ಕಾದ್ರೂ ಅಂಥ ಮಗು ಇರಬೇಕಲ್ಲ. ಒಂದು ಇಲಿಮರಿ ಥರ ಇರತ್ತೆ, ಇನ್ನೊಂದು ಕುಂಬಳಕಾಯಿ ಥರ. ಎರಡನ್ನೂ ಕೂಡಿಸಿ ಅರ್ಧ ಮಾಡಿ ಯಾರ ಮಡಿಲಿಗೆ ಹಾಕಲಿ?”

ಓರಗಿತ್ತಿ ಬೈಯಲು ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ಸ್ವಲ್ಪ ಹೊತ್ತು ಪೆನ್ನನ್ನು ಮೇಜಿಗೆ ತಟ್ಟುತ್ತಾ ಕುಳಿತಳು.

“ಅದಕ್ಕೇ ಅಕ್ಕ, ಇನ್ನೊಂದು ಸಂಖ್ಯೆ ಬೇಕಾಗಿರೋದು,” ಎಂದಳು ನಿಧಾನಕ್ಕೆ. “ಸರಾಸರಿ ಒಂದನ್ನೇ ಹೇಳಿದ್ರೆ ಸುಳ್ಳು ಹೇಳಿದ ಹಾಗೆ. ಅದರ ಪಕ್ಕದಲ್ಲಿ ಇನ್ನೊಂದನ್ನ ಬರೀಬೇಕು: ಈ ಮಕ್ಕಳು ಒಬ್ಬರಿಂದ ಒಬ್ಬರು ಎಷ್ಟು ಬೇರೆ ಬೇರೆ ಇದ್ದಾರೆ, ಸರಾಸರಿಯಿಂದ ಎಷ್ಟೆಷ್ಟು ದೂರ ನಿಂತಿದ್ದಾರೆ ಅಂತ. ಎಲ್ಲಾ ಒಂದೇ ಥರ ಇದ್ರೆ ಆ ಸಂಖ್ಯೆ ಚಿಕ್ಕದು. ನಿಮ್ಮ ಇಲಿಮರಿ, ಕುಂಬಳಕಾಯಿ ಎಲ್ಲಾ ಸೇರಿದ್ರೆ ದೊಡ್ಡದು.”

ಸಿಸ್ಟರ್ ಕಾಗದವನ್ನೇ ನೋಡುತ್ತಿದ್ದರು.

“ಅದಕ್ಕೇನು ಹೆಸರು?”

“ಸ್ಟ್ಯಾಂಡರ್ಡ್ ಡೀವಿಯೇಷನ್.”

“ಅಷ್ಟೇನಾ?”

“ಅಷ್ಟೇ.”

“ಮತ್ತೆ ಆ ಬಿಲ್ಲೆಮುಖದವನಿಗೆ ಇದನ್ನ ಹೇಳೋಕೆ ಏನಾಗಿತ್ತು?”

(ನಾನು ಇಲ್ಲಿ ‘ಆಕೆಯ ಒಳಗೆ ಒಂದು ದೀಪ ಹೊತ್ತಿಕೊಂಡಿತು’ ಎಂದು ಬರೆದು ಅಳಿಸಿದ್ದೇನೆ. ದೀಪಗೀಪ ಏನೂ ಇಲ್ಲ. ಸಿಸ್ಟರ್ ಬಗ್ಗಿ ಪೆನ್ನು ತೆಗೆದುಕೊಂಡು, ಮುಂದಿನ ಲೆಕ್ಕವನ್ನು ತಾವೇ ಮಾಡಿದರು. ತಪ್ಪಾಯಿತು. ಬೈಸಿಕೊಂಡರು. ಮತ್ತೆ ಮಾಡಿದರು.)

೮

ಬೈಗುಳ ಒಂದು ಸಂಜೆ ಎಲ್ಲೆ ಮೀರಿತು.

ಸಿಸ್ಟರ್ ಅವತ್ತು ಕಷ್ಟದ ಹೆರಿಗೆಯೊಂದನ್ನು ಮುಗಿಸಿ ಬಂದಿದ್ದರು. ತಾಯಿ ಮಗು ಇಬ್ಬರೂ ಉಳಿದಿದ್ದರು, ಸಿಸ್ಟರಲ್ಲಿ ಮಾತ್ರ ಏನೂ ಉಳಿದಿರಲಿಲ್ಲ. ಹಿಂದಿನ ವಾರ ಸರಿಯಾಗಿ ಮಾಡಿದ್ದ ಲೆಕ್ಕವೇ ಮೂರು ಸಲ ತಪ್ಪಾಯಿತು. ಓರಗಿತ್ತಿ ಪೆನ್ನು ಎಸೆದು, “ಇಷ್ಟೂ ಗೊತ್ತಾಗಲ್ವಾ ಅಕ್ಕ?” ಎಂದಳು.

ಸಿಸ್ಟರ್ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. “ಗೊತ್ತಾಗಲ್ಲ. ಡಿಪ್ಲೊಮಾ ಅಷ್ಟೇ ಅಲ್ವಾ.”

ಕೆಳಗೆ ತರಕಾರಿ ಹೆಚ್ಚುವ ಸದ್ದು ನಿಂತಿತು.

ನನ್ನ ಕರಡಿನಲ್ಲಿ ಇಲ್ಲಿ ಒಂದು ‘ತಪ್ಪು ತಿಳುವಳಿಕೆ’ ಇತ್ತು. ಅಂದರೆ, ಓರಗಿತ್ತಿ ಅವತ್ತು ಹೇಳಿದ್ದು ಹೊಗಳಿಕೆಯ ಮಾತು, ಸಿಸ್ಟರ್ ಅದನ್ನು ಅರ್ಧ ಕೇಳಿಸಿಕೊಂಡು ಒಳಗೆ ಹೋಗಿಬಿಟ್ಟಿದ್ದರು, ಅಷ್ಟೇ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಓರಗಿತ್ತಿ ಅದನ್ನು ಓದಿ, “ಸುಳ್ಳು” ಎಂದು ಅಡ್ಡಗೆರೆ ಎಳೆದಳು. ಆಮೇಲೆ ತಾನು ನಿಜವಾಗಿ ಹೇಳಿದ್ದನ್ನೇ ಬರೆಸಿದಳು:

“ನೆನಪಿದೆ ಅಕ್ಕ. ಚುಚ್ಚೋಕೇ ಹೇಳಿದ್ದೆ. ಅವತ್ತು ಬಂದೋರೆಲ್ಲಾ ನಿಮ್ಮ ಸುತ್ತಾನೇ ನಿಂತಿದ್ರು. ಒಬ್ಬರು ಮಗಳ ಬಸಿರಿನ ವಿಷಯ ಕೇಳ್ತಾರೆ, ಇನ್ನೊಬ್ಬರು ಬಿ.ಪಿ. ಮಾತ್ರೆ ತೋರಿಸ್ತಾರೆ. ನಾನು ಎರಡು ಡಿಗ್ರಿ ಇಟ್ಕೊಂಡು ತಟ್ಟೆ ಹಂಚ್ತಾ ಇದ್ದೆ. ನೀನೇನು ಓದಿದ್ದೀಯಮ್ಮ ಅಂತ ಒಬ್ಬರೂ ಕೇಳಲಿಲ್ಲ. ಹೊಟ್ಟೆ ಉರೀತು. ಅಂದೆ.”

ಸಿಸ್ಟರ್ ಇಷ್ಟು ವರ್ಷ ತಾವು ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದೇವೆಂದುಕೊಂಡಿದ್ದರು. ಮೇಲಿನಿಂದಲೂ ಯಾರೋ ಕತ್ತೆತ್ತಿಯೇ ನೋಡುತ್ತಿದ್ದರು ಎಂಬುದು ಅವರಿಗೆ ತಿಳಿದಿರಲಿಲ್ಲ.

“ನೀನೇನು ಓದಿದ್ದೀಯಮ್ಮ?” ಎಂದು ಕೇಳಿದರು ಕೊನೆಗೆ.

ಓರಗಿತ್ತಿ ದಿಟ್ಟಿಸಿ ನೋಡಿದಳು, ತಮಾಷೆಯೋ ಏನೋ ಎಂದು. ತಮಾಷೆಯಾಗಿರಲಿಲ್ಲ. ಹೇಳಿದಳು. ಯಾವ ಪ್ರಬಂಧ ಬರೆದಳು, ಯಾವ ಪದಕ ಬಂತು, ಅದನ್ನು ಎಲ್ಲಿಟ್ಟಿದ್ದಾಳೆಂದು ಅವಳಿಗೇ ಮರೆತಿದೆ ಎಂಬುದರವರೆಗೆ. ಕೇಳುತ್ತಾ ಸಿಸ್ಟರ್ ಎದ್ದು ಅವಳ ಅಡುಗೆಮನೆಗೇ ಹೋಗಿ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ಹೆಚ್ಚಾಗಿತ್ತು. ಇಬ್ಬರೂ ಕುಡಿದರು.

“ನಾಳೆಯಿಂದ ಬೈಯಲ್ಲ,” ಎಂದಳು ಓರಗಿತ್ತಿ.

“ಬೈ. ಆದ್ರೆ ನಾನು ತಿರುಗಿ ಬೈತೀನಿ.”

ಕೆಳಗೆ ಮತ್ತೆ ಚಾಕು ಮಣೆಯ ಮೇಲೆ ಓಡತೊಡಗಿತು.

೯

ಪರೀಕ್ಷೆ. ಮನೆಯಲ್ಲೇ, ಕ್ಯಾಮೆರಾದ ಮುಂದೆ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು. ಶುರುವಾಗುವ ಮೊದಲು ಲ್ಯಾಪ್‌ಟಾಪನ್ನು ಎತ್ತಿ ನಾಲ್ಕೂ ಗೋಡೆ, ಮಂಚದ ಅಡಿ, ಬಾಗಿಲ ಹಿಂದೆ ಎಲ್ಲ ತೋರಿಸಬೇಕು. ಸಿಸ್ಟರ್ ಮದುಮಗಳಿಗೆ ಕನ್ನಡಿ ಹಿಡಿದಂತೆ ಕೋಣೆಗೆ ಲ್ಯಾಪ್‌ಟಾಪ್ ಹಿಡಿದು ತೋರಿಸಿದರು. ಕಾಣದ ಊರಿನ ಕಾಣದ ಮೇಲ್ವಿಚಾರಕರು ‘ಸರಿ’ ಎಂದು ಬರೆದರು. ಪ್ರಶ್ನೆಗಳು ಬಂದವು.

ಮೊದಲನೆಯದನ್ನು ಬಿಡಿಸಿದ್ದಾಯಿತು, ಎರಡನೆಯದೂ ಆಯಿತು. ಮೂರನೆಯದರ ಹೊತ್ತಿಗೆ ಪರದೆಯ ಮೇಲೆ ಎಚ್ಚರಿಕೆ: ‘ತುಟಿ ಅಲ್ಲಾಡಿಸಬೇಡಿ.’ ಸಿಸ್ಟರ್‌ಗೆ ಮನಸ್ಸಿನಲ್ಲೇ ಕೂಡಿಸುವಾಗ ತುಟಿ ಆಡಿಸುವ ಅಭ್ಯಾಸ. ತುಟಿ ಕಚ್ಚಿಕೊಂಡು ಕೂಡಿಸಿದರು. ಆಗಲೇ ಎದುರುಮನೆಯಲ್ಲಿ ಗೋಡೆ ಕೊರೆಯುವ ಯಂತ್ರ ಶುರುವಾಯಿತು. ಹಲ್ಲಿನ ಬೇರಿಗೇ ಇಳಿಯುವಂಥ ಸದ್ದು. ಅಂಕಿಗಳು ಚದುರಿದವು. ಕೂಡಿಸಿದ್ದೆಲ್ಲ ಮೊದಲಿಗೆ ಬಂತು.

ಸ್ವಲ್ಪ ಹೊತ್ತಿನಲ್ಲಿ ಸದ್ದು ನಿಂತಿತು. ಯಾಕೆ ನಿಂತಿತೆಂದು ಸಿಸ್ಟರ್‌ಗೆ ತಿಳಿಯಲಿಲ್ಲ.

(ಈ ಕಥೆಯನ್ನು ಸಿಸ್ಟರ್ ಹೆಗಲ ಪಕ್ಕದಿಂದಷ್ಟೇ ಹೇಳುತ್ತೇನೆಂದು ನಾನು ನನಗೇ ಮಾತು ಕೊಟ್ಟುಕೊಂಡಿದ್ದೆ. ಈಗ ಅದನ್ನು ಮುರಿದು ಬೀದಿಗೆ ಇಳಿಯುತ್ತಿದ್ದೇನೆ. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂದ ಮೇಲೆ ನಾನೂ ಇರಕೂಡದು ತಾನೆ.)

ಬೀದಿಯಲ್ಲಿ ಓರಗಿತ್ತಿ ಇದ್ದಳು. ಆಫೀಸಿಗೆ ರಜೆ ಹಾಕಿ, ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದವಳು. ದನಿ ಎತ್ತಿ ಹೊರಗಿನವರೊಂದಿಗೆ ಮಾತಾಡುವುದೆಂದರೆ ಅವಳಿಗೆ ಆಗಿಬರದು. ಯಂತ್ರ ಶುರುವಾದದ್ದೇ ತಡ, ರಸ್ತೆ ದಾಟಿ ಎದುರುಮನೆಯ ಮೆಟ್ಟಿಲು ಹತ್ತಿದಳು.

“ಸ್ವಲ್ಪ ನಿಲ್ಲಿಸಿ.”

“ಇವತ್ತೇ ಮುಗಿಸ್ಬೇಕು ಮೇಡಂ,” ಎಂದ ಕೊರೆಯುವವನು.

“ನಮ್ಮಕ್ಕ ಪರೀಕ್ಷೆ ಬರೀತಿದ್ದಾರೆ.”

“ಯಾವ ಕ್ಲಾಸು?”

“ಡಿಗ್ರಿ. ನಿಮ್ಮಮ್ಮನ ವಯಸ್ಸು ಅವರಿಗೆ.”

ಅವನು ಯಂತ್ರವನ್ನು ಕೆಳಗಿಟ್ಟು ಓರಗಿತ್ತಿಯ ಮುಖ ನೋಡಿದ. ಸದ್ದು ಯಾಕೆ ನಿಂತಿತೆಂದು ಕೇಳಲು ಮನೆಯೊಡತಿ ಹೊರಗೆ ಬಂದಳು.

“ಯಾರು, ಕೆಳಗಿನ ಮನೆ ಸಿಸ್ಟರಾ? ಈ ವಯಸ್ಸಲ್ಲಿ ಯಾವ ಪರೀಕ್ಷೆ?”

“ಸಂಖ್ಯಾಶಾಸ್ತ್ರ,” ಎಂದಳು ಓರಗಿತ್ತಿ. “ತುಂಬಾ ಕಷ್ಟದ್ದು. ನಾನೇ ಹೇಳಿಕೊಟ್ಟಿದ್ದೀನಿ. ಹಗಲೆಲ್ಲಾ ವಾರ್ಡಲ್ಲಿ ನಿಂತು ಬಂದು ಆಮೇಲೆ ಕೂತು ಕಲಿತಿದ್ದಾರೆ. ಯಾರ ಹತ್ರಾನೂ ಬರೆಸಿಲ್ಲ, ತಾವೇ ಬರೀತಿದ್ದಾರೆ.”

ಅಷ್ಟು ಉದ್ದದ ಮಾತನ್ನು ಆ ಬೀದಿಯಲ್ಲಿ ಅವಳು ಹಿಂದೆಂದೂ ಆಡಿರಲಿಲ್ಲ. ಕೆನ್ನೆ ಕೆಂಪಾಗಿತ್ತು. ಮನೆಯೊಡತಿ ಕೊರೆಯುವವನ ಕಡೆ ತಿರುಗಿ, “ಊಟ ಮಾಡ್ಕೊಂಡು ಬಾರಪ್ಪ, ಆಮೇಲೆ ನೋಡೋಣ” ಎಂದಳು.

ಇಡೀ ಬೀದಿ ಉಸಿರು ಬಿಗಿಹಿಡಿದು ಸ್ತಬ್ಧವಾಯಿತು ಎಂದು ಬರೆಯಲು ಕೈ ತುರಿಸುತ್ತಿದೆ. ಆಗಲಿಲ್ಲ. ಒಂದು ನಾಯಿ ಬೊಗಳುತ್ತಲೇ ಇತ್ತು, ಅದಕ್ಕೆ ಯಾರೂ ಹೇಳುವಂತಿರಲಿಲ್ಲ. ಓರಗಿತ್ತಿ ಅದನ್ನೂ ಒಮ್ಮೆ ದುರುಗುಟ್ಟಿ ನೋಡಿ, ಗೇಟಿನ ಹತ್ತಿರ ವಾಪಸು ಬಂದು ನಿಂತಳು.

೧೦

ಈಗ ಅಂತ್ಯಗಳು.

ಮೊದಲನೆಯದು: ಸಿಸ್ಟರ್ ಇಡೀ ಕಾಲೇಜಿಗೇ ಮೊದಲಿಗರಾಗುತ್ತಾರೆ. ಸಿಸ್ಟರ್ ಇದನ್ನು ಕೇಳಿ, “ಓದಿದೋರು ಉಗೀತಾರೆ” ಎಂದರು. ಬಿಟ್ಟೆ.

ಎರಡನೆಯದು: ಕೂದಲೆಳೆಯಲ್ಲಿ ಫೇಲಾಗುತ್ತಾರೆ, ಆದರೆ ಓರಗಿತ್ತಿಯ ಪ್ರೀತಿ ಗೆಲ್ಲುತ್ತಾರೆ. ವಿಮರ್ಶಕರಿಗೆ ಇದು ಹಿಡಿಸುತ್ತದೆ. ಓರಗಿತ್ತಿ ಇದನ್ನು ಓದಿ ನನ್ನನ್ನು ನೋಡಿದ ನೋಟ, ಬೀದಿಯ ಆ ನಾಯಿಯನ್ನು ನೋಡಿದ ನೋಟಕ್ಕಿಂತ ಕಠಿಣವಾಗಿತ್ತು. ಬಿಟ್ಟೆ.

ಆದದ್ದನ್ನೇ ಹೇಳುತ್ತೇನೆ. ಫಲಿತಾಂಶದ ದಿನ ಸಿಸ್ಟರ್ ವಾರ್ಡಿನಲ್ಲಿದ್ದರು. ಫೋನ್ ಜೇಬಿನಲ್ಲೇ ಇತ್ತು, ತೆರೆದು ನೋಡಿರಲಿಲ್ಲ. ಮಧ್ಯಾಹ್ನ ಓರಗಿತ್ತಿ ಆಫೀಸಿನಿಂದ ನೇರವಾಗಿ ಆಸ್ಪತ್ರೆಗೆ ಬಂದಳು. ಕಾರಿಡಾರಿನಲ್ಲಿ ಬಕೆಟ್ಟು, ಟ್ರಾಲಿ, ನೆಂಟರ ಚೀಲಗಳ ನಡುವೆ ದಾರಿ ಮಾಡಿಕೊಂಡು ಬಂದು, “ನೋಡಿದ್ರಾ?” ಎಂದಳು.

“ಇಲ್ಲ.”

“ಯಾಕೆ?”

“ನೀನು ಬರ್ಲಿ ಅಂತ.”

ಇಬ್ಬರೂ ಕಿಟಕಿಯ ಹತ್ತಿರ ನಿಂತು ತೆರೆದರು. ‘ಉತ್ತೀರ್ಣ’ ಎಂದಿತ್ತು. ಅಂಕಗಳೇನೂ ಕುಣಿದಾಡುವಂಥವಲ್ಲ, ತಲೆ ತಗ್ಗಿಸುವಂಥವೂ ಅಲ್ಲ. ಸಿಸ್ಟರ್ “ಹೂಂ” ಎಂದು ಫೋನನ್ನು ಜೇಬಿಗೆ ಹಾಕಿ, ಹತ್ತಿರದ ಹಾಸಿಗೆಯ ಡ್ರಿಪ್ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡಿದರು. ಸರಿಯಾಗೇ ಇಳಿಯುತ್ತಿತ್ತು. ಆದರೂ ಇನ್ನೊಮ್ಮೆ ನೋಡಿದರು. ಆಮೇಲೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದು ಹೋದರು, ಏನೂ ಕೆಲಸವಿಲ್ಲದೆ. ಆ ನಡಿಗೆಯನ್ನು ನೀವು ನೋಡಬೇಕಿತ್ತು. ಮಂಡಿನೋವು ಅವರ ಹಿಂದೆ ಹಿಂದೆ ಕೈಕಟ್ಟಿಕೊಂಡು ಬರುತ್ತಿತ್ತು.

ಅಷ್ಟರಲ್ಲಿ ಓರಗಿತ್ತಿ ಬೆಂಚಿನ ಮೇಲಿದ್ದವರಿಗೆಲ್ಲ, ಯಾರದೋ ಮಾವನಿಗೆ, ಯಾರದೋ ಅಜ್ಜಿಗೆ, ಹೇಳತೊಡಗಿದ್ದಳು: “ನಮ್ಮಕ್ಕ ಪಾಸಾದ್ರು.” ಅಜ್ಜಿ, “ಗಂಡೋ ಹೆಣ್ಣೋ?” ಎಂದು ಕೇಳಿದರು. ಕಿವಿ ಮಂದ. ಯಾರೋ ಅವರ ಕಿವಿಯ ಹತ್ತಿರ ಬಗ್ಗಿ ವಿವರಿಸಿದರು.

ವಾಪಸು ಬಂದ ಸಿಸ್ಟರ್ ಬೆಂಚಿನವರ ಮುಂದೆ ನಿಂತು ಹೇಳಿದರು: “ಹೇಳಿಕೊಟ್ಟಿದ್ದು ಇವಳು. ಎರಡು ಡಿಗ್ರಿ, ಒಂದು ಪದಕ. ಬರೆದಿದ್ದು ನಾನು.”

೧೧

ನರ್ಸಿಂಗ್ ಶಾಲೆಯ ಕೆಲಸ ಸಿಕ್ಕಿತೇ ಎಂದು ನೀವು ಕೇಳುತ್ತೀರಿ. ಸಂದರ್ಶನಕ್ಕೆ ಹೋಗಿ ಬಂದಿದ್ದಾರೆ. ಶಾಲೆಯವರು ‘ತಿಳಿಸುತ್ತೇವೆ’ ಎಂದಿದ್ದಾರೆ. ಇನ್ನೂ ತಿಳಿಸಿಲ್ಲ. ಆ ಕೆಲಸವನ್ನು ಕೊಟ್ಟುಬಿಡಲು ನನಗೆ ಒಂದು ಸಾಲು ಸಾಕು. ಆದರೆ ನನ್ನಿಂದ ಅದನ್ನು ಬರೆಸಿಕೊಳ್ಳಲು ಸಿಸ್ಟರ್ ಒಪ್ಪುತ್ತಿಲ್ಲ.

ಹಾಗಾದರೆ ಕೊನೆಯ ಸಾಲನ್ನಾದರೂ ನೀವೇ ಹೇಳಿ ಎಂದು ಕೇಳಲು ಇವತ್ತು ಆಸ್ಪತ್ರೆಗೆ ಬಂದೆ. ಅವರು ಬಾಯಿ ತೆರೆಯುವುದಕ್ಕೂ ಒಳಗಿನಿಂದ ಯಾರೋ “ಸಿಸ್ಟರ್” ಎಂದು ಕೂಗುವುದಕ್ಕೂ ಸರಿಹೋಯಿತು. ಕೈಗವಸು ಎಳೆದುಕೊಳ್ಳುತ್ತಾ ಹೆರಿಗೆ ಕೋಣೆಯೊಳಗೆ ಹೋದರು. ನಾನೂ ಹಿಂದೆಯೇ ಹೆಜ್ಜೆಯಿಟ್ಟೆ. ಬಾಗಿಲು ನನ್ನ ಮೂಗಿನ ಮುಂದೆ ಮುಚ್ಚಿಕೊಂಡಿತು. ಬರೆದವನೆಂಬ ಸಲುಗೆ ಅಲ್ಲಿ ನಡೆಯಲಿಲ್ಲ.

ಬೆಂಚಿನ ಮೇಲೆ ಸ್ವಲ್ಪ ಜಾಗವಿತ್ತು. ಫ್ಲಾಸ್ಕು ಹಿಡಿದ ಒಬ್ಬ ಅಪ್ಪ, ಉಗುರು ಕಚ್ಚುತ್ತಿದ್ದ ಒಬ್ಬ ಗಂಡ, ಅವರ ಪಕ್ಕ ಕುಳಿತೆ. ಒಳಗಿನಿಂದ ಒಂದು ನರಳಿಕೆ, ಅದರ ಮೇಲೆ ಸಿಸ್ಟರ್ ದನಿ, ಬೈಯುತ್ತಿರುವುದೋ ಹುರಿದುಂಬಿಸುತ್ತಿರುವುದೋ ಹೇಳಲಾಗದಂಥದ್ದು.

ಆಯಾ ಬಾಗಿಲು ಸ್ವಲ್ಪ ತೆರೆದು, ಕತ್ತು ಹೊರಗೆ ಹಾಕಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನನ್ನ ಮೇಲೆ ಕಣ್ಣು ನಿಂತಿತು.

“ನೀವು ಯಾರ ಕಡೆಯವರು?”

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

“ಸಿಸ್ಟರ್ ಕಡೆಯವನು.”

“ಹಾಗಾದ್ರೆ ಕಾಯಿರಿ,” ಎಂದಳು ಆಯಾ. “ಇನ್ನೂ ಹೊತ್ತಾಗತ್ತೆ.”